ಅಂಗಾಂಗ ಕಸಿ ಸಂಯೋಜನೆ: ನಮ್ಮ ಮಕ್ಕಳು ಅರಿಯದ ಒಂದು ವೃತ್ತಿ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಪಾಠ)



ಹಾಡು, ನೃತ್ಯ, ನಾಟಕಗಳ ನಡುವೆ ಆಸ್ಪತ್ರೆಯ ಕೆಲಸದ ಬಗ್ಗೆ ನಾಲ್ಕು ಮಾತು ಆಡಲು ಅವಕಾಶ ಕೊಟ್ಟ ಸಮಿತಿಗೆ ನಮ್ಮ ವಂದನೆಗಳು. ಹಬ್ಬದ ದಿನ ಸಾವು ನೋವಿನ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಕುಟುಂಬಗಳೆಲ್ಲ ಒಂದೇ ಸೂರಿನಡಿ ಸೇರುವುದು ಇಂಥ ದಿನವೇ. ಹೇಳಬೇಕಾದ್ದನ್ನು ಇಂದೇ ಹೇಳಿಬಿಡೋಣ ಎಂದು ಈ ಕೆಲಸದಲ್ಲಿರುವ ನಾವು ಕೆಲವರು ನಿರ್ಧರಿಸಿದೆವು.

ನಮ್ಮ ಮನೆಗಳಲ್ಲಿ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: ಡಾಕ್ಟರೋ, ಇಂಜಿನಿಯರೋ? ಈಚೆಗೆ ಅದಕ್ಕೆ ಕಂಪ್ಯೂಟರ್ ಸೈನ್ಸ್ ಸೇರಿಕೊಂಡಿದೆ, ಅಷ್ಟೆ. ಆಸ್ಪತ್ರೆ ಎಂದರೆ ಡಾಕ್ಟರು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಅಂದರೆ ಅಂಗಾಂಗ ಕಸಿ ಸಂಯೋಜಕ ಎಂಬ ಕೆಲಸವೊಂದಿದೆ ಎಂದು ಎಷ್ಟು ಮನೆಗಳಲ್ಲಿ ಗೊತ್ತು?

ಸ್ವಲ್ಪ ಹಿನ್ನೆಲೆ ನೋಡೋಣ. 1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಒಬ್ಬ ಅವಳಿ ಸಹೋದರನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ತದ್ರೂಪಿ ಅವಳಿಗಳಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ಬೇರೆಯವರ ಅಂಗವನ್ನು ದೇಹ ಒಪ್ಪಿಕೊಳ್ಳುವಂತೆ ಮಾಡುವ ಸೈಕ್ಲೋಸ್ಪೋರಿನ್ ಔಷಧಿಗೆ ಅಮೆರಿಕದಲ್ಲಿ ಮಂಜೂರಾತಿ ದೊರೆತದ್ದು 1983ರಲ್ಲಿ. ಮರುವರ್ಷವೇ, 1984ರಲ್ಲಿ, ರಾಷ್ಟ್ರೀಯ ಅಂಗಾಂಗ ಕಸಿ ಕಾಯಿದೆ ಬಂತು. ಅಂಗಗಳ ಮಾರಾಟ ಅಪರಾಧವಾಯಿತು. ದೇಶಕ್ಕೆಲ್ಲ ಒಂದೇ ಪಟ್ಟಿ, ಒಂದೇ ಜಾಲ ಎಂಬ ವ್ಯವಸ್ಥೆ ಹುಟ್ಟಿತು. ಡಾ. ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಶಸ್ತ್ರಚಿಕಿತ್ಸಕರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಅದು ನ್ಯಾಯವೇ. ಆದರೆ 2024ರಲ್ಲಿ ಈ ದೇಶದಲ್ಲಿ ನಡೆದ 48,000ಕ್ಕೂ ಹೆಚ್ಚು ಕಸಿಗಳಲ್ಲಿ ಒಂದೂ ಸಂಯೋಜಕರಿಲ್ಲದೆ ನಡೆದಿಲ್ಲ.

ಈ ವೃತ್ತಿಯಲ್ಲಿ ಎರಡು ಕವಲುಗಳಿವೆ. ಒಂದು ದಾನಿಯ ಕಡೆಯದು, ಇನ್ನೊಂದು ರೋಗಿಯ ಕಡೆಯದು.

ದಾನಿಯ ಕಡೆಯ ಸಂಯೋಜಕರು ಆಸ್ಪತ್ರೆಯ ನೌಕರರಲ್ಲ. ಇಡೀ ದೇಶವನ್ನು ಹಂಚಿಕೊಂಡು ಐವತ್ತಕ್ಕೂ ಹೆಚ್ಚು ಅಂಗ ಸಂಗ್ರಹಣಾ ಸಂಸ್ಥೆಗಳಿವೆ, ಇವರು ಅವುಗಳಲ್ಲಿರುತ್ತಾರೆ. ಐಸಿಯುನಲ್ಲಿ ರೋಗಿಯೊಬ್ಬ ಉಳಿಯುವ ಸಂಭವವಿಲ್ಲ ಎಂದಾದಾಗ ಆಸ್ಪತ್ರೆ ಈ ಸಂಸ್ಥೆಗೆ ತಿಳಿಸಲೇಬೇಕೆಂಬುದು 1998ರ ನಿಯಮ. ಫೋನು ಬಂದ ಕೂಡಲೇ ಸಂಯೋಜಕರು ಹೊರಡುತ್ತಾರೆ. ಸಾವನ್ನು ನಿರ್ಣಯಿಸುವ ಅಧಿಕಾರ ಅವರಿಗಿಲ್ಲ, ಕಸಿ ಮಾಡುವ ವೈದ್ಯರಿಗೂ ಇಲ್ಲ. ಅದು ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರದೇ ಕೆಲಸ. ಈ ಎರಡು ಗುಂಪುಗಳ ನಡುವಿನ ಗೋಡೆಯೇ ಇಡೀ ವ್ಯವಸ್ಥೆಯ ಅಡಿಪಾಯ.

ಆಮೇಲೆ ಶುರುವಾಗುವುದು ಕಷ್ಟದ ಭಾಗ. ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಯವರ ಎದುರು ಕೂರಬೇಕು. ಅವರಿಗೆ ನಡೆದದ್ದು ಅರ್ಥವಾಗಿದೆಯೇ ಎಂದು ಮೊದಲು ನೋಡಬೇಕು. ವೆಂಟಿಲೇಟರಿನ ಬಲದಿಂದ ಎದೆ ಏರಿಳಿಯುತ್ತಿರುವಾಗ, ಮೈ ಬೆಚ್ಚಗಿರುವಾಗ, ಮಿದುಳು ಸತ್ತಿದೆ ಎಂಬುದನ್ನು ಯಾವ ತಾಯಿ ತಾನೇ ಒಂದೇ ಮಾತಿಗೆ ಒಪ್ಪುತ್ತಾಳೆ? ಅವಸರ ಮಾಡುವಂತಿಲ್ಲ, ಒತ್ತಾಯವಂತೂ ಕೂಡದು. ಒಪ್ಪಿಗೆ ದೊರೆತರೆ ರಕ್ತದೊತ್ತಡ, ಉಪ್ಪಿನ ಅಂಶ, ದೇಹದ ಉಷ್ಣತೆಗಳನ್ನು ಗಂಟೆಗಂಟೆಗೂ ಹದದಲ್ಲಿಡಬೇಕು, ಸೋಂಕಿನ ಪರೀಕ್ಷೆಗಳನ್ನು ಮಾಡಿಸಬೇಕು, ಕಂಪ್ಯೂಟರು ಕೊಡುವ ಹೊಂದಾಣಿಕೆಯ ಪಟ್ಟಿಯ ಕ್ರಮದಲ್ಲೇ ಆಸ್ಪತ್ರೆಗಳಿಗೆ ತಿಳಿಸಬೇಕು, ವಿಮಾನ, ಆಂಬುಲೆನ್ಸ್, ಶಸ್ತ್ರಚಿಕಿತ್ಸೆಯ ಕೊಠಡಿ ಎಲ್ಲವನ್ನೂ ಹೊಂದಿಸಬೇಕು. ಮಂಜಿನಲ್ಲಿಟ್ಟ ಹೃದಯಕ್ಕೂ ಶ್ವಾಸಕೋಶಕ್ಕೂ ಇರುವುದು 4ರಿಂದ 6 ಗಂಟೆ. ಯಕೃತ್ತಿಗೆ 8ರಿಂದ 12, ಮೂತ್ರಪಿಂಡಕ್ಕೆ 24ರಿಂದ 36 ಗಂಟೆ. ಈಚಿನ ಯಂತ್ರಗಳು ಈ ಅವಧಿಯನ್ನು ಹಿಗ್ಗಿಸುತ್ತಿವೆ. ಆದರೂ ಗಡಿಯಾರ ನೋಡದ ಸಂಯೋಜಕರಿಲ್ಲ.

ಇನ್ನು ರೋಗಿಯ ಕಡೆ. ಇಲ್ಲಿಯ ಸಂಯೋಜಕರು ಬಹುತೇಕ ಅನುಭವಸ್ಥ ನರ್ಸುಗಳು. ಒಂದು ರೋಗಿಗೆ ಹೃದಯ ತಜ್ಞರು, ದಂತ ವೈದ್ಯರು, ಸಮಾಜ ಕಾರ್ಯಕರ್ತರು, ಆಹಾರ ತಜ್ಞರು, ವಿಮೆಯವರು ಎಲ್ಲರೂ ಬೇಕು. ಇವರೆಲ್ಲರ ಮಾತನ್ನು ಒಂದೇ ಕಡತಕ್ಕೆ ತಂದು ರೋಗಿಯ ಹೆಸರು ಪಟ್ಟಿಗೆ ಸೇರುವಂತೆ ಮಾಡುವವರು ಇವರು. ನಡುರಾತ್ರಿ ಫೋನು ಮಾಡಿ “ಅಂಗ ಸಿಕ್ಕಿದೆ, ಏನೂ ತಿನ್ನಬೇಡಿ, ಹೊರಟು ಬನ್ನಿ” ಎನ್ನುವ ದನಿಯೂ ಹಲವು ಕಡೆ ಇವರದೇ.

ಕಸಿಯಾದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅಲ್ಲಿಂದಾಚೆ ರೋಗಿಯ ಜೀವ ಮಾತ್ರೆಯ ಡಬ್ಬಿಯಲ್ಲಿರುತ್ತದೆ. ಟ್ಯಾಕ್ರೋಲಿಮಸ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ಪ್ರಮಾಣ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಕಡಿಮೆಯಾದರೆ ದೇಹ ಅಂಗವನ್ನೇ ತಿರಸ್ಕರಿಸುತ್ತದೆ. ಇಲ್ಲಿ ನಮ್ಮವರಿಗಾಗಿಯೇ ಕೆಲವು ಮಾತು ಹೇಳಬೇಕು. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಎಂಬ ಹುಳಿಹಣ್ಣು ಈ ಔಷಧಿಯನ್ನು ರಕ್ತದಲ್ಲಿ ಏರಿಸುತ್ತದೆ. ನಮ್ಮ ಚಕ್ಕೋತವೂ ಅದೇ ಜಾತಿಯದು, ಅದೂ ವರ್ಜ್ಯ. ಊರಿನಿಂದ ಅತ್ತೆಯವರು ಪ್ರೀತಿಯಿಂದ ಕಳಿಸಿದ ಚೂರ್ಣ, ಲೇಹ್ಯಗಳನ್ನು ಸಂಯೋಜಕರಿಗೆ ತಿಳಿಸದೆ ಬಾಯಿಗೆ ಹಾಕುವಂತಿಲ್ಲ. ಬೆಂಗಳೂರಿಗೆ ಹೊರಟಾಗ ಹಗಲು ರಾತ್ರಿ ಅದಲು ಬದಲಾಗುವುದರಿಂದ ಮಾತ್ರೆಯ ಹೊತ್ತನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಔಷಧಿ ಕೈಚೀಲದಲ್ಲೇ ಇರಬೇಕು. ನಮ್ಮ ಅಡಿಗೆ, ನಮ್ಮ ಉಪವಾಸ, ನಮ್ಮ ಪ್ರಯಾಣ ಎಲ್ಲವನ್ನೂ ಬಲ್ಲ ಸಂಯೋಜಕರೊಬ್ಬರು ಆಸ್ಪತ್ರೆಯಲ್ಲಿದ್ದರೆ, ಇಂಗ್ಲಿಷಿನಲ್ಲಿ ಸಂಕೋಚದಿಂದ “ಯೆಸ್, ಯೆಸ್” ಎನ್ನುವ ನಮ್ಮ ಹಿರಿಯರಿಗೆ ಅದೆಷ್ಟು ಧೈರ್ಯ!

ಇವಲ್ಲದೆ ಇನ್ನೂ ಹುದ್ದೆಗಳಿವೆ. ಬದುಕಿರುವಾಗಲೇ ಮೂತ್ರಪಿಂಡ ಕೊಡುವವರ ಹಿತವನ್ನು ಮಾತ್ರ ನೋಡಿಕೊಳ್ಳುವ ಸ್ವತಂತ್ರ ಪ್ರತಿನಿಧಿಯೊಬ್ಬರು ಇರಬೇಕೆಂದು 2007ರ ಕೇಂದ್ರ ನಿಯಮ ಹೇಳುತ್ತದೆ. ಮನೆಯವರ ಒತ್ತಡಕ್ಕೆ ಮಣಿದು ತಮ್ಮನೊಬ್ಬ ಒಪ್ಪುತ್ತಿದ್ದರೆ, ಅದನ್ನು ಗುರುತಿಸಿ ಅವನ ಪರ ನಿಲ್ಲುವುದು ಇವರ ಕರ್ತವ್ಯ. ಖರ್ಚು ವೆಚ್ಚ ನೋಡುವ ಹಣಕಾಸು ಸಂಯೋಜಕರಿದ್ದಾರೆ. ಕಸಿಯಾದ ಮೂತ್ರಪಿಂಡ ರೋಗಿಗಳಲ್ಲಿ ಅನೇಕರಿಗೆ ಮೆಡಿಕೇರ್ ನೆರವು 36 ತಿಂಗಳಿಗೆ ನಿಲ್ಲುತ್ತಿತ್ತು. ಬೇರೆ ವಿಮೆ ಇಲ್ಲದವರಿಗೆ ಔಷಧಿಯ ಮಟ್ಟಿಗಾದರೂ ನೆರವು ಮುಂದುವರಿಯುವ ಸೌಲಭ್ಯ 2023ರ ಜನವರಿಯಿಂದ ಬಂದಿದೆ. ಇಂಥದ್ದನ್ನು ತಿಳಿದು ಹೇಳುವವರು ಇವರೇ. ಅಂಕಿ ಅಂಶ, ಗುಣಮಟ್ಟ, ಆಡಳಿತ ನೋಡುವವರೂ ಬೇಕು. ಕಂಪ್ಯೂಟರು ಬಲ್ಲ ನಮ್ಮ ಮಕ್ಕಳಿಗೆ ಇಲ್ಲೂ ಜಾಗವಿದೆ.

ಓದು ಏನು ಬೇಕು? ರೋಗಿಯ ಕಡೆಯ ಕೆಲಸಕ್ಕೆ ನರ್ಸಿಂಗ್ ಪದವಿ, ಪರವಾನಗಿ, ಐಸಿಯು ಅಥವಾ ಡಯಾಲಿಸಿಸ್ ಅನುಭವ ಇದ್ದರೆ ದಾರಿ ಸುಲಭ. ದಾನಿಯ ಕಡೆಗೆ ನರ್ಸುಗಳಲ್ಲದೆ ಪ್ಯಾರಾಮೆಡಿಕ್‌ಗಳು, ಉಸಿರಾಟ ಚಿಕಿತ್ಸಕರೂ ಬರುತ್ತಾರೆ. ಕುಟುಂಬದವರೊಡನೆ ಮಾತಾಡುವ ಹುದ್ದೆಗೆ ಸಮಾಜ ಕಾರ್ಯ, ಮನಶ್ಶಾಸ್ತ್ರ ಓದಿದವರು ಒದಗುತ್ತಾರೆ. ಅನುಭವದ ಮೇಲೆ ಅಮೆರಿಕನ್ ಬೋರ್ಡ್ ಫಾರ್ ಟ್ರಾನ್ಸ್‌ಪ್ಲಾಂಟ್ ಸರ್ಟಿಫಿಕೇಶನ್ ನಡೆಸುವ ಪರೀಕ್ಷೆ ಬರೆದು ಪ್ರಮಾಣ ಪತ್ರ ಪಡೆಯಬಹುದು. ಕಷ್ಟವನ್ನೂ ಮುಚ್ಚಿಡುವುದಿಲ್ಲ. ರಾತ್ರಿ ಹಗಲೆನ್ನದ ಪಾಳಿ, ಹಬ್ಬದ ದಿನವೂ ಫೋನು, ಸದಾ ಇತರರ ದುಃಖದ ನಡುವೆ ಇರುವ ಆಯಾಸ. ಬೇಸತ್ತು ಬಿಟ್ಟುಹೋಗುವವರೂ ಇದ್ದಾರೆ.

ಇನ್ನೊಂದು ಮಾತು. 2025ರಲ್ಲಿ ಒಂದು ಅಂಗ ಸಂಗ್ರಹಣಾ ಸಂಸ್ಥೆಯ ಮೇಲೆ ಕೇಂದ್ರ ಸರಕಾರ ನಡೆಸಿದ ತನಿಖೆಯಲ್ಲಿ ಗಂಭೀರ ಲೋಪಗಳು ಹೊರಬಿದ್ದವು. ಹೃದಯ ನಿಂತ ಮೇಲೆ ಅಂಗ ಪಡೆಯುವ ಕ್ರಮದಲ್ಲಿ, ರೋಗಿಗೆ ಪ್ರಜ್ಞೆಯ ಲಕ್ಷಣ ಕಂಡರೂ ತಯಾರಿ ಮುಂದುವರಿದಿತ್ತು ಎಂಬುದು ಆಕ್ಷೇಪ. ಸುದ್ದಿ ಹಬ್ಬಿ ಬಹಳ ಜನ ದಾನಿಗಳ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅಂಥ ಗಳಿಗೆಯಲ್ಲಿ “ನಿಲ್ಲಿಸಿ” ಎನ್ನಬಲ್ಲವರು ಆ ಕೋಣೆಯಲ್ಲಿರಬೇಕಲ್ಲ? ಒಳ್ಳೆಯ ಮನಸ್ಸಿನವರು ದೂರ ಉಳಿದರೆ ವ್ಯವಸ್ಥೆ ತಾನಾಗಿ ಸರಿಹೋಗದು. ಅದಕ್ಕಾಗಿಯೂ ನಮ್ಮ ಮಕ್ಕಳು ಇಲ್ಲಿಗೆ ಬರಬೇಕು.

ತಾಯ್ನಾಡಿನಲ್ಲೂ ಈ ವೃತ್ತಿ ಬೇರೂರುತ್ತಿದೆ. ಮೂತ್ರಪಿಂಡಗಳ ವ್ಯಾಪಾರ ತಡೆಯಲು ಭಾರತದಲ್ಲಿ 1994ರಲ್ಲಿ ಕಾಯಿದೆ ಆಯಿತು. ಅಲ್ಲಿ ಮಿದುಳು ಸಾವನ್ನು ನಾಲ್ವರು ವೈದ್ಯರು, 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಮಾಡುವ ಆಸ್ಪತ್ರೆಯಲ್ಲಿ ಸಂಯೋಜಕರು ಇರಲೇಬೇಕೆಂಬುದು 2011ರ ತಿದ್ದುಪಡಿ ಮತ್ತು 2014ರ ನಿಯಮಗಳಿಂದ ಗಟ್ಟಿಯಾಯಿತು. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ವಲಯ ಸಮನ್ವಯ ಸಮಿತಿಯ ಕೆಲಸವನ್ನು ಈಗ ಜೀವಸಾರ್ಥಕತೆ ನಡೆಸುತ್ತಿದೆ. ಎಷ್ಟು ಚೆಂದದ ಹೆಸರು! ಡಾ. ರಾಜ್‌ಕುಮಾರ್ ಅವರ ಕಣ್ಣುಗಳು 2006ರಲ್ಲಿ, ಪುನೀತ್ ಅವರ ಕಣ್ಣುಗಳು 2021ರಲ್ಲಿ ದಾನವಾದದ್ದು ನಮಗೆಲ್ಲ ಗೊತ್ತು. ಕಣ್ಣನ್ನು ಹೃದಯ ನಿಂತ ಕೆಲವು ಗಂಟೆಗಳವರೆಗೂ ಪಡೆಯಬಹುದು. 2021ರ ಜೂನ್‌ನಲ್ಲಿ ಅಪಘಾತದಿಂದ ಮಿದುಳು ಸಾವಿಗೀಡಾದ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಗಾಂಗಗಳನ್ನೇ ಕೊಟ್ಟರು. ಆ ದುಃಖದಲ್ಲಿ ಹಾಗೆ ಒಪ್ಪುವುದು ಸಾಮಾನ್ಯ ಮಾತಲ್ಲ.

ಈಗ ನಮ್ಮ ಮನೆಗಳ ಮಾತು. ನಮ್ಮವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಅದರ ಹಿಂದೆಯೇ ಮೂತ್ರಪಿಂಡದ ತೊಂದರೆ ಬರುತ್ತದೆ. ಭಾರತೀಯರಲ್ಲಿ ಸುಮಾರು ಮೂವರಲ್ಲಿ ಒಬ್ಬರದು ಬಿ ಗುಂಪಿನ ರಕ್ತ. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರದು. ಹಾಗಾಗಿ ಬಿ ಗುಂಪಿನ ದಾನಿಗಳು ಇಲ್ಲಿ ಕಡಿಮೆ, ಕಾಯುವ ಕಾಲ ದೀರ್ಘ. ಇಂದು ಪಟ್ಟಿಯಲ್ಲಿ ಕಾಯುತ್ತಿರುವ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮೂತ್ರಪಿಂಡಕ್ಕಾಗಿಯೇ. ಎ ಗುಂಪಿನ ಒಂದು ಉಪಗುಂಪಿನ ಮೂತ್ರಪಿಂಡವನ್ನು ಕೆಲವು ಬಿ ಗುಂಪಿನವರಿಗೂ ಜೋಡಿಸಬಹುದು. ನಿಮ್ಮ ಸಂಯೋಜಕರನ್ನು ಕೇಳಿ. ಮೂತ್ರಪಿಂಡದ ಶಕ್ತಿ ಶೇಕಡಾ 20ಕ್ಕೆ ಇಳಿದರೆ ಡಯಾಲಿಸಿಸ್ ಶುರುವಾಗುವವರೆಗೆ ಕಾಯದೆ ಪಟ್ಟಿಗೆ ಸೇರಬಹುದು. ಇದನ್ನು ತಿಳಿಯದೆ ವರ್ಷಗಳನ್ನು ಕಳೆದುಕೊಳ್ಳುವವರಿದ್ದಾರೆ.

ಕೊನೆಯದಾಗಿ ಮಕ್ಕಳಿಗೂ ತಂದೆತಾಯಿಗಳಿಗೂ ಒಂದು ಬಿನ್ನಹ. ಕಾರಿನ ಲೈಸೆನ್ಸಿಗೆ ಹೋದಾಗ “ಅಂಗದಾನಿಯಾಗುತ್ತೀಯಾ?” ಎಂದು ಕೌಂಟರಿನಲ್ಲಿ ಕೇಳುತ್ತಾರೆ. 18 ತುಂಬಿದವರು ಹೂಂ ಎಂದರೆ ಅದೇ ಕಾನೂನುಬದ್ಧ ಒಪ್ಪಿಗೆ. ಆಮೇಲೆ ಮನೆಯವರು ಅದನ್ನು ಬದಲಿಸಲಾಗದು. ಭಾರತದಲ್ಲಾದರೋ ಮನೆಯವರ ಸಮ್ಮತಿಯಿಲ್ಲದೆ ಮುಂದುವರಿಯುವುದಿಲ್ಲ. ಎರಡು ಕಡೆಯೂ ಮನೆಯವರಿಗೆ ಮೊದಲೇ ಗೊತ್ತಿರುವುದು ಒಳ್ಳೆಯದು. ಇಷ್ಟು ದೊಡ್ಡ ಪ್ರಶ್ನೆಗೆ ನಮ್ಮ ಮಕ್ಕಳು ಮನೆಯಲ್ಲಿ ಒಮ್ಮೆಯೂ ಮಾತಾಡದೆ, ಕ್ಯೂನಲ್ಲಿ ನಿಂತು ಉತ್ತರ ಕೊಡುತ್ತಿದ್ದಾರೆ. ಹೌದೆನ್ನಲಿ, ಇಲ್ಲವೆನ್ನಲಿ, ಅದು ಅವರವರ ಮನಸ್ಸು. ಆದರೆ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಂಡು ಈ ಮಾತು ಆಡಿ. “ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು” ಎಂದು ಹಿರಿಯರು ಗದರಬಹುದು. ಮೆಲ್ಲಗೆ ವಿವರಿಸಿ.

ನರ್ಸಿಂಗ್ ಓದುತ್ತೇನೆಂದು ಮಗಳೋ ಮಗನೋ ಹೇಳಿದರೆ ಮುಖ ಸಣ್ಣದು ಮಾಡಬೇಡಿ. ಈ ವೃತ್ತಿಯ ಬಗ್ಗೆ ತಿಳಿಯಬಯಸುವ ಮಕ್ಕಳೊಡನೆ ಊಟದ ನಂತರ ಕುಳಿತು ಮಾತಾಡಲು ನಾವು ಸಿದ್ಧರಿದ್ದೇವೆ. ಸಂಘ ನೂರ್ಕಾಲ ಬಾಳಲಿ.