ಸಂಘದ ಪುಸ್ತಕ ಊರಲ್ಲೇ ಇರಲಿ
(ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಾವು ಹಗಲು ಮಕ್ಕಳಿಗೆ ಪಾಠ ಹೇಳುವವರು. ಸಂಜೆ ನಿಮ್ಮ ಜೊತೆ ಕೂರುವವರು. ಇವತ್ತು ಸ್ಲೇಟು ಪಕ್ಕಕ್ಕಿಡಿ. ಒಂದು ವಿಷಯ ಮಾತಾಡೋಣ.

ಊರಿಗೆ ಸಂಸ್ಥೆಗಳು ಬರುತ್ತವೆ. ಹೊಲಿಗೆ ಕಲಿಸುತ್ತವೆ. ಸಂಘ ಕಟ್ಟಿಸುತ್ತವೆ. ಕೆಲವು ವರ್ಷ ಆದ ಮೇಲೆ ಹೊರಟುಹೋಗುತ್ತವೆ. "ಯಾಕೆ ಟೀಚರಮ್ಮ, ನಾವೇನು ತಪ್ಪು ಮಾಡಿದ್ವಿ?" ಎಂದು ಒಬ್ಬ ಅಕ್ಕ ಕೇಳಿದರು. ತಪ್ಪು ಅವರದಲ್ಲ.

ಲಾಭಕ್ಕಲ್ಲ, ಜನರ ಕೆಲಸಕ್ಕೆಂದು ಕಟ್ಟಿದ್ದು ಸ್ವಯಂಸೇವಾ ಸಂಸ್ಥೆ. ಅದಕ್ಕೆ ಹಣ ಬೇರೆ ಕಡೆಯಿಂದ ಬರಬೇಕು. ಕೆರೆಗೆ ಕಾಲುವೆಯಿಂದ ನೀರು ಬಂದ ಹಾಗೆ. ಕಾಲುವೆಯ ದಿಕ್ಕು ಬದಲಾದರೆ ಕೆರೆ ಏನಾಗುತ್ತೆ? ನಿಮಗೇ ಗೊತ್ತು.

ಒಂದು ಕಾಲುವೆ ಸರ್ಕಾರದ ಹಣ. 2009ರಲ್ಲಿ 'ಸಾಕ್ಷರ ಭಾರತ' ಬಂತು. ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನ ಇತ್ತು. 2018ರಲ್ಲಿ ಅದು ನಿಂತಿತು. 2022ರಲ್ಲಿ ಹೊಸ ಕಾರ್ಯಕ್ರಮ ಬಂತು, ಅದನ್ನು ಈಗ 'ಉಲ್ಲಾಸ್' ಎನ್ನುತ್ತಾರೆ. ಇದರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಕಲಿಸಬೇಕು.

ಇನ್ನೊಂದು ಹೊರದೇಶದ ಹಣ. 2020ರಲ್ಲಿ ಕಾನೂನು ಬಿಗಿಯಾಯಿತು. ಆ ಹಣ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ಕೊಡುವಂತಿಲ್ಲ. ಕಚೇರಿ ಖರ್ಚಿಗೆ ನೂರಕ್ಕೆ 20 ರೂಪಾಯಿ ಮೀರುವಂತಿಲ್ಲ. ದೊಡ್ಡ ಸಂಸ್ಥೆಯನ್ನು ನಂಬಿದ್ದ ಚಿಕ್ಕ ಸಂಸ್ಥೆಗಳಿಗೆ ಕಷ್ಟವಾಯಿತು.

ಮೂರನೆಯದು ಕಂಪನಿಗಳ ಹಣ. 2014ರಿಂದ ದೊಡ್ಡ ಕಂಪನಿಗಳು ನೂರು ರೂಪಾಯಿ ಲಾಭಕ್ಕೆ 2 ರೂಪಾಯಿಯಂತೆ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿ ಇರುವ ಸುತ್ತಮುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು ಎಂದು ಕಾನೂನಿದೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ಹೊಸಕೋಟೆಯಲ್ಲಿ ಕಾರ್ಖಾನೆಗಳಿವೆ. ಹಾಗಾಗಿ ಈ ಕಾಲುವೆ ನಮ್ಮ ಕಡೆಗೂ ಹರಿಯುತ್ತದೆ. ಆದರೆ ಕಂಪನಿಯ ಯೋಜನೆಗೆ ಅವಧಿ ಇರುತ್ತದೆ. ಅವಧಿ ಮುಗಿಯಿತು, ಜೀಪು ಹೋಯಿತು.

ನಾವು ಕಂಡದ್ದು ಹೇಳುತ್ತೇವೆ. ಒಂದು ಊರಲ್ಲಿ ಹದಿನಾಲ್ಕು ಹೆಂಗಸರ ಸಂಘ. ವಾರವಾರ ಉಳಿತಾಯ. ಲೆಕ್ಕದ ಪುಸ್ತಕ, ಪಾಸ್‌ಬುಕ್ ಎರಡೂ ಪೇಟೆಯಲ್ಲಿದ್ದ ಸಂಸ್ಥೆಯ ಕಚೇರಿಯಲ್ಲಿ. "ಅಲ್ಲೇ ಇರಲಿ ಬಿಡಿ, ಜೋಪಾನ" ಎಂದವರು ನಾವೇ. ಯೋಜನೆ ಮುಗಿದು ಕಚೇರಿಗೆ ಬೀಗ ಬಿತ್ತು. ಪುಸ್ತಕ ಕೈಗೆ ಬರಲು ಏಳು ತಿಂಗಳಾಯಿತು. ಅಷ್ಟರಲ್ಲಿ ಒಬ್ಬ ಅಕ್ಕನ ಗಂಡನಿಗೆ ಕಾಯಿಲೆ. ಬ್ಯಾಂಕಿನಲ್ಲಿ ಸಂಘದ ದುಡ್ಡು ಇತ್ತು, ತೆಗೆಯಲು ಆಗಲಿಲ್ಲ. ಆಕೆ ಓಲೆ ಗಿರವಿ ಇಟ್ಟರು. ನಮಗೆ ಇವತ್ತಿಗೂ ಆಕೆಯ ಬರಿ ಕಿವಿ ನೋಡಲು ಸಂಕಟ.

ಆಮೇಲೆ ಆಕೆಯೇ ನಮ್ಮ ಕೇಂದ್ರಕ್ಕೆ ಬಂದರು. ಮೊದಲು ಹೆಸರು ಬರೆದರು. ಆಮೇಲೆ ಅಂಕಿ, ಕೂಡುವುದು, ಕಳೆಯುವುದು. ಈಗ ಆ ಸಂಘದ ಲೆಕ್ಕ ಬರೆಯುವವರು ಅವರೇ. ಸಂಸ್ಥೆ ಇಲ್ಲ, ಸಂಘ ಇದೆ!

ಸಂಸ್ಥೆಗಳು ಬೇಡ ಎನ್ನುತ್ತಿಲ್ಲ. ಬರಲಿ, ಕಲಿಸಲಿ. ಆದರೆ ಬಂದ ದಿನವೇ ಮೂರು ಮಾತು ಕೇಳಿ. ಎಷ್ಟು ವರ್ಷ ಇರುತ್ತೀರಿ? ಹಣ ಯಾರದು? ನೀವು ಹೋದ ಮೇಲೆ ಹೊಲಿಗೆ ಯಂತ್ರ ಯಾರದು? ಉತ್ತರವನ್ನು ಬರೆಸಿಕೊಳ್ಳಿ. ಓದಿ ನೋಡಿ, ಆಮೇಲೆ ಸಹಿ ಹಾಕಿ.

ನಾವೂ ಒಂದು ದಿನ ವರ್ಗವಾಗಿ ಹೋಗಬಹುದು. ನೀವು ಕಲಿತ ಅಕ್ಷರ ಎಲ್ಲಿಗೂ ಹೋಗುವುದಿಲ್ಲ.

ಮಾತಾಡಿ ನೋಡಿ:
1. ನಿಮ್ಮ ಸಂಘದ ಪಾಸ್‌ಬುಕ್ ಈಗ ಯಾರ ಹತ್ತಿರ ಇದೆ?
2. ಅದರಲ್ಲಿ ಎಷ್ಟು ಹಣವಿದೆ? ನೀವೇ ಓದಿ ಹೇಳಿ.