ಇತ್ತೀಚೆಗೆ ಓದಿದ ಕೆಲವು ಪುಸ್ತಕಗಳು
(ಜಹೀರಾಬಾದಿನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದ ವಿಷಯ ‘ಗಡಿನಾಡು ಮತ್ತು ಕನ್ನಡ ಸಾಹಿತ್ಯ’ ಎಂಬುದಾಗಿತ್ತು. ಈ ವಿಷಯವಾಗಿ ಇದೇ ವೇದಿಕೆಯ ಮೇಲೆ ನಾನು ಹಿಂದೆ ಮೂರು ಸಲ ಮಾತನಾಡಿರುವೆನು. ಮೂರು ಸಲವೂ 1956ರ ನವೆಂಬರ್ 1ರಿಂದ ಆರಂಭಿಸಿ, ಬೀದರ ಜಿಲ್ಲೆಯಿಂದ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದ ಕಥೆಯನ್ನು ಹೇಳಿ, ಚಪ್ಪಾಳೆ ಪಡೆದು ಕುಳಿತಿರುವೆನು. ಅದರಿಂದ ಯಾರೂ ಒಂದು ಪುಸ್ತಕವನ್ನು ಕೊಂಡು ಓದಿದಂತೆ ಕಾಣಲಿಲ್ಲ. ಆದುದರಿಂದ ಈ ಸಲ ಅವರ ಅಪ್ಪಣೆ ಪಡೆದು, ಕಳೆದ ಒಂದೆರಡು ವರ್ಷಗಳಲ್ಲಿ ನಾನು ಓದಿದ ಪುಸ್ತಕಗಳನ್ನು ಕುರಿತು ನನಗೆ ಅನಿಸಿದುದನ್ನು ಅನಿಸಿದಂತೆಯೆ ಹೇಳಲು ಬಂದಿರುವೆನು. ಇದು ವಿಮರ್ಶೆಯಲ್ಲ. ಬಿಡುವಿದ್ದಾಗ ಓದುವವನ ಮಾತು.

ಅನಿಸಿದಂತೆ ಹೇಳುವುದು ನನ್ನಂಥವರಿಗೆ ಸುಲಭವಲ್ಲ. ವಿದ್ವಾನ್ ಪರೀಕ್ಷೆಗೆ ಕುಳಿತವರು ಗ್ರಂಥವನ್ನು ಹೊಗಳುವುದನ್ನು ಮೊದಲು ಕಲಿಯುತ್ತಾರೆ, ಓದುವುದು ಆಮೇಲೆ. ಹೋದ ವರ್ಷ ಮಿತ್ರರೊಬ್ಬರು ತಮ್ಮ ಕವನ ಸಂಕಲನಕ್ಕೆ ನನ್ನಿಂದ ಮುನ್ನುಡಿ ಬರೆಯಿಸಿಕೊಂಡರು. ಅದರಲ್ಲಿ ಅರ್ಧದಷ್ಟು ಕವನಗಳನ್ನೂ ನಾನು ಓದಿರಲಿಲ್ಲ. ಆದರೂ ‘ರಸಗಟ್ಟಿ’ ಎಂದು ಬರೆದೆನು. ಅವರು ಈ ಸಭೆಯಲ್ಲಿಯೆ ಇದ್ದರೆ ಕ್ಷಮಿಸಬೇಕು.

ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಚಿಕ್ಕ ಕಥನ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಬಹುದು. ಕೆಲಸ ಕಳೆದುಕೊಂಡ ತಂದೆ, ಮಸಾಲೆಯ ವ್ಯಾಪಾರದಿಂದ ದುಡ್ಡು ಮಾಡಿದ ಚಿಕ್ಕಪ್ಪ, ಆ ದುಡ್ಡಿನ ನೆರಳಿನಲ್ಲಿ ಕೈಕಟ್ಟಿ ಕುಳಿತ ಮನೆಮಂದಿ. ಬಡತನದಲ್ಲಿ ಒಟ್ಟಾಗಿ ಇರುವೆಗಳನ್ನು ಕೊಲ್ಲುತ್ತಿದ್ದ ಸಂಸಾರ, ಸಿರಿವಂತಿಕೆ ಬಂದ ಮೇಲೆ ಯಾರನ್ನು ಬೇಕಾದರೂ ಹೊರಗಿಡಬಲ್ಲ ಕೋಟೆಯಾಗುತ್ತದೆ. ಇದರ ಕೊನೆ ನನಗೆ ಸಮಾಧಾನ ಕೊಡಲಿಲ್ಲ. ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಹೋದರಲ್ಲ ಎಂದು ಬೇಸರಪಟ್ಟೆನು. ಆದರೆ ನಮ್ಮ ಮನೆಯವರು ಓದಿ, ‘ಆ ಸೊಸಿಗೆ ಏನಾಗ್ಯದ ಅಂತ ನಿಮಗ ತಿಳೀಲಿಲ್ಲೇನು?’ ಎಂದು ನನ್ನನ್ನೇ ಪ್ರಶ್ನಿಸಿದರು. ಮತ್ತೆ ಓದಿದೆನು. ತಿಳಿಯಿತು. ಲೇಖಕರು ಹೇಳದೆ ಬಿಟ್ಟುದನ್ನು ಅಧ್ಯಾಪಕನಿಗಿಂತ ಗೃಹಿಣಿ ಬೇಗ ಕಂಡುಕೊಂಡಳು.

ಬಾನು ಮುಷ್ತಾಕರ ಕಥೆಗಳನ್ನು ನಾನು ಓದಿದುದು, ನಾಚಿಕೆಯಿಂದ ಹೇಳುವೆನು, 2025ರ ಮೇ ತಿಂಗಳಲ್ಲಿ ಅವುಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ. ದೀಪಾ ಭಾಸ್ತಿಯವರು ಅನುವಾದಿಸಿ ಲಂಡನ್ನಿನವರು ಮೆಚ್ಚಿದ ಮೇಲಲ್ಲದೆ ಜಹೀರಾಬಾದಿನ ಕನ್ನಡ ಮೇಷ್ಟರಿಗೆ ಕನ್ನಡದ ಪುಸ್ತಕ ಕಾಣಲಿಲ್ಲ. ‘ಎದೆಯ ಹಣತೆ’ ಎಂಬ ಕಥೆಯಲ್ಲಿ, ಗಂಡ ಬೇರೊಬ್ಬಳ ಬೆನ್ನುಹತ್ತಿದನೆಂದು ಕೂಸನ್ನೆತ್ತಿಕೊಂಡು ತವರಿಗೆ ಬಂದವಳನ್ನು ಅಣ್ಣತಮ್ಮಂದಿರು ಅದೇ ದಿನ ಹಿಂದಕ್ಕೆ ಕಳುಹಿಸುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆಯ ಡಬ್ಬಿಗೆ ಕೈಹಾಕುತ್ತಾಳೆ. ಇದು ಮುಸಲ್ಮಾನರ ಮನೆಯ ಕಥೆ, ನಮಗೇನು ಎನ್ನುವವರು ಕೈ ಎದೆಯ ಮೇಲಿಟ್ಟುಕೊಂಡು ತಮ್ಮ ಓಣಿಯನ್ನು ನೆನೆಯಲಿ. ಎಲ್ಲ ಕಥೆಗಳೂ ಇಷ್ಟು ಬಿಗಿಯಾಗಿಲ್ಲ. ಕೆಲವೆಡೆ ವಕೀಲರು ಕಥೆಗಾರ್ತಿಯನ್ನು ಪಕ್ಕಕ್ಕೆ ಸರಿಸಿ ತಾವೇ ವಾದಿಸುತ್ತಾರೆ. ಆದರೂ ಪ್ರಶಸ್ತಿಯನ್ನು ಮರೆತು ಓದಿರಿ ಎಂಬುದೆ ನನ್ನ ವಿನಂತಿ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರದು. ಲಿಸ್ಬನ್ನಿನ ತೇಜೋ ನದಿಯ ದಂಡೆಯಿಂದ ವಿಜಯನಗರದ ತುಂಗಭದ್ರೆಯವರೆಗೆ ಹಬ್ಬಿದ ದೊಡ್ಡ ಕಾದಂಬರಿ. ರಜೆಯಲ್ಲಿ ಹಿಡಿದವನು ಊಟ ಮರೆತೆನು. ನಾವು ಶಾಲೆಯಲ್ಲಿ ವಿಜಯನಗರವೆಂದರೆ ಬೀದಿಯಲ್ಲಿ ಮುತ್ತುರತ್ನಗಳನ್ನು ಅಳೆದ ವೈಭವವೆಂದು ಕಲಿಸುತ್ತೇವೆ. ಆ ವೈಭವದ ಕೆಳಗೆ ಹೆಂಗಸರೂ ಬಡವರೂ ಎಷ್ಟು ಸುಟ್ಟರೆಂಬುದನ್ನು ಈ ಪುಸ್ತಕ ತೋರಿಸುತ್ತದೆ. ನನ್ನ ಆಕ್ಷೇಪಣೆ ಒಂದೆ: ರಕ್ತ ಬಹಳ. ಒಂದು ಗಾಯ ಆರುವ ಮೊದಲೆ ಮತ್ತೊಂದು.

ಇನ್ನು ‘ಕುಸುಮಬಾಲೆ’. ದೇವನೂರ ಮಹಾದೇವರ ಈ ಕೃತಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ದೊಡ್ಡವರೆಲ್ಲ ಇದನ್ನು ಕೊಂಡಾಡಿದ್ದಾರೆ. ನಾನು ಮೂರು ಸಲ ಆರಂಭಿಸಿ ಮೂರು ಸಲ ಕೆಳಗಿಟ್ಟೆನು. ನಂಜನಗೂಡು ಸೀಮೆಯ ಆಡುನುಡಿ ನನಗೆ ಹಳಗನ್ನಡಕ್ಕಿಂತಲೂ ಕಠಿಣವಾಯಿತು! ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ಮಾತನಾಡಿಕೊಳ್ಳುವ ಭಾಗವೊಂದು ಮಾತ್ರ ಥಟ್ಟನೆ ಹೃದಯಕ್ಕೆ ತಾಗಿತು. ಅಂಥ ಕಥೆಯನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಉಳಿದುದು ನನಗೆ ದಕ್ಕಲಿಲ್ಲ. ವಿದ್ವಾನ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವವನು ಇದನ್ನು ಸಭೆಯಲ್ಲಿ ಒಪ್ಪಿಕೊಳ್ಳಬಾರದೇನೊ; ಒಪ್ಪಿಕೊಂಡಿರುವೆನು.

ಈ ಸೋಲಿನ ಬೇಸರದಲ್ಲಿದ್ದಾಗಲೆ ಬೀದರದಿಂದ ಮಿತ್ರರೊಬ್ಬರು ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯನ್ನು ತಂದುಕೊಟ್ಟರು. ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂದುದು 2004ರಲ್ಲಿ. ಲೇಖಕಿ 2020ರಲ್ಲಿ ತೀರಿಕೊಂಡರು. ನಾನು ಓದಿದುದು ಅದಕ್ಕೂ ತಡವಾಗಿ. ಕಲಬುರಗಿ ಸೀಮೆಯ ಕೆಳಸ್ತರದ ಜನರ, ಅದರಲ್ಲಿಯೂ ಹೆಣ್ಣುಮಕ್ಕಳ ಬಾಳು. ಅವರ ಹಸಿವು, ಜಗಳ, ದೇವರ ಹೆಸರಿನಲ್ಲಿ ನಡೆಯುವ ಅನ್ಯಾಯ, ಎಲ್ಲವೂ ನಮ್ಮ ಈ ಕಡೆಯ ಮಾತಿನಲ್ಲಿಯೆ ಬಂದಿವೆ. ನಡುವೆ ಗಡಿಯ ಗೆರೆಯೊಂದು ಇದೆಯೆಂಬುದೆ ಆ ಮಾತಿಗೆ ಗೊತ್ತಿಲ್ಲ.

ಅಕ್ಷರ ಬಾರದ ನಮ್ಮ ತಾಯಿಯವರಿಗೆ ಇದನ್ನು ರಾತ್ರಿ ಗಟ್ಟಿಯಾಗಿ ಓದಿ ಹೇಳತೊಡಗಿದೆನು. ಎರಡು ಪುಟ ಆಗಿರಲಿಲ್ಲ, ಅವರು ಕೈ ಎತ್ತಿ ತಡೆದರು: ‘ಹಂಗಲ್ಲಪಾ. ನೀ ಸಾಲ್ಯಾಗ ಓದಿದಂಗ ಓದಲಕತ್ತಿದಿ. ನಮ್ಮ ಮಂದಿ ಹಂಗ ಮಾತಾಡತಾರೇನು?’ ನಾನು ಬರೆದಂತೆಯೆ ಓದುತ್ತಿದ್ದೆನು. ಆದರೆ ದನಿ ಮೇಷ್ಟರದಾಗಿತ್ತು. ಅಂದಿನಿಂದ ಅವರು ತಿದ್ದುತ್ತ, ನಾನು ಓದುತ್ತ, ಪುಸ್ತಕ ಎರಡು ತಿಂಗಳು ನಡೆಯಿತು. ಕಾದಂಬರಿ ಉದ್ದವಾಯಿತು, ದುಃಖದ ಮೇಲೆ ದುಃಖ ಪೇರಿಸಿದ್ದಾರೆ, ಹೇಳಿದುದನ್ನೆ ಮತ್ತೆ ಹೇಳುತ್ತಾರೆ ಎಂದು ನಾನು ತಪ್ಪು ಹುಡುಕಿದೆನು. ತಾಯಿಯವರು ಮಾತ್ರ, ‘ಖರೇನೇ ಅದ. ಮುಂದ ಓದು’ ಎನ್ನುತ್ತಿದ್ದರು.

ಇಲ್ಲಿ ನನ್ನದೊಂದು ಅಪರಾಧವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ನನ್ನ ತಾಯಿ’ ಎಂಬ ಪ್ರಬಂಧದಲ್ಲಿ, ತನ್ನ ಅವ್ವ ಮುಂಜಾನೆ ಹೊಲಕ್ಕೆ ಹೋಗಿ ಸಂಜೆ ಬರುವುದನ್ನೂ, ತೊಗರಿ ಕಟಾವಿನಲ್ಲಿ ಅವಳ ಅಂಗೈ ಬಿರಿದುದನ್ನೂ ಮನೆಯ ಮಾತಿನಲ್ಲಿ ಬರೆದಿದ್ದಳು. ‘ಹೋಗ್ತಾಳ, ಬರ್ತಾಳ, ಕೈ ಒಡದಾವ.’ ನಾನು ಸಾಲುಸಾಲಿಗೂ ಕೆಂಪು ಶಾಯಿ ಹರಿಸಿ, ‘ಪ್ರಾತಃಕಾಲದಲ್ಲಿ’ ಎಂದು ಮೇಲೆ ಬರೆದು, ತರಗತಿಯಲ್ಲಿ ಎಲ್ಲರೆದುರು ಓದಿ ನಗಿಸಿದೆನು. ಮುಂದಿನ ಪ್ರಬಂಧವನ್ನು ಅವಳು ಗೈಡಿನಿಂದ ಅಕ್ಷರ ಬಿಡದೆ ಇಳಿಸಿ ತಂದಳು. ಒಂದೂ ತಪ್ಪಿರಲಿಲ್ಲ. ಪೂರ್ಣ ಅಂಕ ಕೊಟ್ಟೆನು. ಬಳಿಕ ಅವಳು ಬೇರೆ ಮಾಧ್ಯಮದ ಶಾಲೆಗೆ ಹೋದಳು. ನನ್ನ ಶಾಯಿಯೆ ಕಾರಣವೆಂದು ಹೇಳಲಾರೆನು, ಅಲ್ಲವೆಂದೂ ಹೇಳಲಾರೆನು.

ತಾಂಡೂರಿಗೆ ಸಮೀಪದ ಮಳಖೇಡದಲ್ಲಿ ಆಳಿದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವನ್ನು ನಾನು ಅಭಿಮಾನದಿಂದ ಪಾಠ ಹೇಳುವವನು. ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಮಾತನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ: ಕನ್ನಡಗಳು ಹಲವು, ದೇಸಿ ಬೇರೆಬೇರೆಯಾದುದರಿಂದ ಅವುಗಳಲ್ಲಿ ದೋಷ ಇಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಡುವನಂತೆ. ಇದನ್ನು ಅನೇಕ ವರ್ಷ ವಿವರಿಸಿದ ನಾನು, ಅದೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುಳಿತು ದೋಷ ಎಣಿಸುತ್ತಿದ್ದೆನು.

ವ್ಯಾಕರಣ ಬೇಡವೆನ್ನುವುದಿಲ್ಲ. ಪರೀಕ್ಷೆಯ ಕನ್ನಡವನ್ನು ಮಕ್ಕಳು ಕಲಿಯಲೇಬೇಕು. ಅದನ್ನು ಕಲಿಸದೆ ಸಂಬಳ ತೆಗೆದುಕೊಳ್ಳುವ ಹಕ್ಕು ನನಗಿಲ್ಲ. ಈಗ ನಾನು ತಿದ್ದುಪಡಿಯನ್ನು ಪೆನ್ಸಿಲ್ಲಿನಿಂದ ಪುಟದ ಅಂಚಿನಲ್ಲಿ ಬರೆಯುತ್ತೇನೆ, ಅವರ ಸಾಲನ್ನು ಹೊಡೆದುಹಾಕುವುದಿಲ್ಲ. ಸಹೋದ್ಯೋಗಿಗಳು ಇದನ್ನು ಸಡಿಲಿಕೆ ಎನ್ನುತ್ತಾರೆ. ಇರಬಹುದು. ‘ಕುಸುಮಬಾಲೆ’ಯನ್ನೂ ನಾಲ್ಕನೆಯ ಸಲ ತೆಗೆದಿರುವೆನು. ನಂಜನಗೂಡಿನ ಕಡೆಯ ತಾಯಿಯೊಬ್ಬರು ಪಕ್ಕದಲ್ಲಿ ಕುಳಿತು ತಿದ್ದಿದರೆ ಬೇಗ ಮುಗಿದೀತು.

ಈ ಐದು ಪುಸ್ತಕಗಳನ್ನೂ ಇಂದು ತಂದಿರುವೆನು. ವೇದಿಕೆಯ ಎಡಗಡೆಯ ಮೇಜಿನ ಮೇಲಿವೆ. ಹೆಸರು ಬರೆಯಿಸಿ ಒಯ್ಯಬಹುದು. ತಿಂಗಳಲ್ಲಿ ಹಿಂದಿರುಗಿಸಿದರೆ ಸಾಕು, ಪುಟ ಮಡಿಸಿದರೂ ಚಿಂತೆಯಿಲ್ಲ. ‘ಬದುಕು’ ಮಾತ್ರ ಮೊದಲು ನಾರಾಯಣಖೇಡದ ತಾಯಂದಿರಿಗೆ. ಅವರು ಊಟದ ಹೊತ್ತಿನಲ್ಲಿಯೆ ಅದನ್ನು ಕೇಳಿಟ್ಟಿದ್ದಾರೆ.