ಹಡಗಿನಿಂದ ಇಳಿದು ಬಂದ ಅಜ್ಜ



ಜೋಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ ನದಿ ದಾಂಡೇಲಿಯನ್ನು ಹಾದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಹಳಿಯಾಳ, ಮುಂಡಗೋಡದಂಥ ಒಳನಾಡಿನ ಮನೆಗಳಿಗೂ ಸಮುದ್ರದ ನಂಟು ಇರಬಹುದು, ನೌಕಾಪಡೆಯಲ್ಲಿ ದುಡಿದು ಊರಿಗೆ ಮರಳಿದ ಅಜ್ಜನ ಮೂಲಕ.

1971ರ ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆ ಕರಾಚಿಯ ಮೇಲೆ ದಾಳಿ ಮಾಡಿತು. ಅದರ ನೆನಪಿಗಾಗಿಯೇ ಆ ದಿನ ನೌಕಾಪಡೆ ದಿನವಾಯಿತು. ಡಿಸೆಂಬರ್ 9ರಂದು ‘ಖುಕ್ರಿ’ ಯುದ್ಧನೌಕೆ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಮರಳಲಿಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಭಾಗ್ಯ ಅವರಲ್ಲಿ ಎಷ್ಟೋ ಮಂದಿಗೆ ಬರಲಿಲ್ಲ.

ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಮೊಮ್ಮಕ್ಕಳ ಕೈಹಿಡಿದು ಶಾಲೆಗೆ ಬಿಡುವ ಅಂಥ ಅಜ್ಜ ನಿಮ್ಮ ಊರಿನಲ್ಲಿದ್ದರೆ ಹತ್ತಿರ ಕುಳಿತು ಕೇಳಿ: ಯಾವ ಹಡಗು, ಯಾವ ಬಂದರು, ಜೊತೆಗಿದ್ದವರು ಯಾರು? ಕೇಳಿದ್ದನ್ನು ಬರೆದಿಡಿ. ಅಜ್ಜನ ಕಾಲಾನಂತರ ಪದಕ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅದರ ಕಥೆಯನ್ನು ಉಳಿಸಬೇಕಾದವರು ನೀವು.